ನೀರು ಹರಿಯೋದು ಕೆಳಗೆ, ಕೊರಕಲು ಬೆಳೀತಿರೋದು ಮೇಲಕ್ಕೆ, ಯಾಕೆ?

ಪ್ರಶ್ನೆ:
ಮೂರು ಮಳೆಗಾಲದಿಂದ ಒಂದು ಇಳಿಜಾರು ಜಾಗ ಗಮನಿಸ್ತಾ ಇದೀನಿ, ಮೊದಲು ಬೆರಳಗಲದ ಗೀರು ಇತ್ತು, ಈಗ ಮೊಣಕಾಲುದ್ದದ ಕೊರಕಲು ಆಗಿದೆ. ಅದರ ತುದಿ ಪ್ರತಿ ಜೋರು ಮಳೆಗೂ ದಿಬ್ಬದ ಮೇಲಕ್ಕೆ ಸರೀತಿದೆ, ಇದು ಉಲ್ಟಾ ಅಲ್ವಾ? ಇನ್ನೊಂದು, ಮಳೆ ಎಲ್ಲಾ ಕಡೆ ಸಮವಾಗಿ ಬೀಳುತ್ತೆ, ಮಣ್ಣು ಮಾತ್ರ ಗೆರೆ ಗೆರೆಯಾಗಿ ಯಾಕೆ ಹೋಗುತ್ತೆ?

ಉತ್ತರ 1:
ಗೆರೆಯಲ್ಲಿ ಮಾತ್ರ ಹೋಗಲ್ಲ, ನಮ್ಮ ಕಣ್ಣಿಗೆ ಬೀಳೋದು ಗೆರೆ ಅಷ್ಟೆ. ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬರಿ ನೆಲಕ್ಕೆ ಬಡಿಯುತ್ತೆ, ಹೆಂಟೆ ಒಡೆದು ಪುಡಿ ಸಿಡಿಯುತ್ತೆ, ಆ ಪುಡೀನೇ ಮಣ್ಣಿನ ಸಂದುಗಳನ್ನ ಮುಚ್ಚಿಬಿಡುತ್ತೆ, ಆಮೇಲೆ ನೀರು ಇಂಗೋದು ಕಮ್ಮಿ, ತೆಳ್ಳಗೆ ಹಾಸಿದ ಹಾಗೆ ಹರಿಯೋದೇ ಜಾಸ್ತಿ. ಮಳೆ ನಿಂತ ಮೇಲೆ ಕೂತು ಹತ್ತಿರದಿಂದ ನೋಡಿ, ಒಂದೊಂದು ಹರಳಿನ ಕೆಳಗೂ ಮಣ್ಣಿನ ಪುಟ್ಟ ಕಂಬ ಇರುತ್ತೆ, ಆ ಕಂಬ ಎಷ್ಟೆತ್ತರವೋ ಸುತ್ತಲಿನ ನೆಲ ಅಷ್ಟು ತಗ್ಗಿದೆ ಅಂತ. ಹೆಕ್ಟೇರಿಗೆ ಬರೀ 1 ಮಿಲಿಮೀಟರ್ ಹೋದ್ರೂ 10 ಘನ ಮೀಟರ್ ಮಣ್ಣು, ಹತ್ತು ಟನ್ ದಾಟುತ್ತೆ!

ಇನ್ನು ಗೆರೆ ಹುಟ್ಟೋದು ಹೇಗೆ ಅಂದ್ರೆ, ಎಲ್ಲೋ ಚೂರು ತಗ್ಗಿದ್ರೆ ನೀರು ಅಲ್ಲಿ ಸೇರುತ್ತೆ, ಆಳ ಆದ್ರೆ ವೇಗ ಹೆಚ್ಚುತ್ತೆ, ವೇಗ ಹೆಚ್ಚಿದ್ರೆ ಇನ್ನೂ ಕೊರೆಯುತ್ತೆ, ಅಕ್ಕಪಕ್ಕದ ನೀರನ್ನೂ ತನ್ನ ಕಡೆಗೇ ಎಳ್ಕೊಳ್ಳುತ್ತೆ.

ಉತ್ತರ 2:
ಮೇಲಕ್ಕೆ ಸರಿಯೋದರ ಬಗ್ಗೆ ಹೇಳ್ತೀನಿ. ಕೊರಕಲಿನ ತಲೆ ಅಂದ್ರೆ ಒಂದು ಪುಟ್ಟ ಜಲಪಾತ. ಅಂಚಿಂದ ಧುಮುಕೋ ನೀರು ಬುಡದಲ್ಲಿ ಗುಂಡಿ ತೋಡುತ್ತೆ, ಬುಡ ಟೊಳ್ಳಾದ ಮೇಲೆ ಅಂಚು ಹುಲ್ಲಿನ ಬೇರು ಸಮೇತ ಜೋತುಬಿದ್ದು ಒಂದಿನ ದೊಪ್ಪಂತ ಕುಸಿಯುತ್ತೆ. ಕುಸಿದಾಗಲೆಲ್ಲ ಜಲಪಾತ ಒಂದು ಹೆಜ್ಜೆ ಹಿಂದೆ. ನಯಾಗರಾನೂ ಹೀಗೇ ಬಂಡೆ ಕೆಡವಿಕೊಂಡು ಸುಮಾರು 12,000 ವರ್ಷದಲ್ಲಿ 11 ಕಿಲೋಮೀಟರ್ ಹಿಂದೆ ಸರಿದಿದೆ. ಬಂಡೆಗೆ ಅಷ್ಟು ಕಾಲ ಬೇಕಾಯ್ತು, ಮಣ್ಣಿಗೆ ಬೇಡ. ಅಮೆರಿಕದ ಜಾರ್ಜಿಯಾದಲ್ಲಿ ಪ್ರಾವಿಡೆನ್ಸ್ ಕ್ಯಾನ್ಯನ್ ಅಂತ ಇದೆ, 1800ರ ದಶಕಗಳಲ್ಲಿ ನೆಲ ಜೋಪಾನ ಮಾಡದೆ ಬೇಸಾಯ ಮಾಡಿದ್ದಕ್ಕೆ ಶುರುವಾದ ಕೊರಕಲು, ಈಗ ಕೆಲವು ಕಡೆ 45 ಮೀಟರ್ ಆಳ. ಅದರ ಫೋಟೋ ನೋಡಿದಾಗಲೆಲ್ಲ ನಂಗೆ ಸಂಕಟ ಆಗುತ್ತೆ.

ಪ್ರಶ್ನೆ ಕೇಳಿದವರು:
ಹಾಗಾದ್ರೆ ತುದಿಗೆ ಕಲ್ಲು ತುಂಬಿಸಿದ್ರೆ ನಿಲ್ಲುತ್ತಾ?

ಉತ್ತರ 3:
ಬರೀ ಕಲ್ಲು ಸುರೀಬೇಡಿ, ನಾನು ಹಾಗೆ ಮಾಡಿದ್ದಾಗ ನೀರು ಕಲ್ಲಿನ ಪಕ್ಕದಲ್ಲೇ ಹೊಸ ದಾರಿ ಕೊರ್ಕೊಂಡು ಹೋಯ್ತು. ಮೊದಲು ಮೇಲಿಂದ ಬರೋ ನೀರನ್ನ ಸಣ್ಣ ಬದು ಹಾಕಿ ಹುಲ್ಲಿರೋ ಕಡೆ ತಿರುಗಿಸಿ, ಆಮೇಲೆ ಕೊರಕಲಿನ ಒಳಗೆ ಅಲ್ಲಲ್ಲಿ ಗಿಡ್ಡ ಕಲ್ಲಿನ ತಡೆ ಕಟ್ಟಿ, ನಡುಭಾಗ ಅಂಚಿಗಿಂತ ತಗ್ಗಿರಲಿ, ಇಲ್ಲಾಂದ್ರೆ ಪಕ್ಕದ ದಡ ತಿಂದುಹಾಕುತ್ತೆ. ತಡೆ ಹಿಂದೆ ಮೊದಲು ದಪ್ಪ ಮರಳು ನಿಲ್ಲುತ್ತೆ, ನೀರು ನಿಧಾನ ಆಗ್ತಾ ಆಗ್ತಾ ಅದರ ಮೇಲೆ ನುಣ್ಣನೆ ಹೂಳು ಕೂರುತ್ತೆ, ಹುಲ್ಲು ಹುಟ್ಟೋದು ಆ ಹೂಳಲ್ಲೇ.