ಸಹಾಯ ಬೇಕು: ರಾನ್ ಮ್ಯೂಯೆಕ್ ಕುರಿತು ಪ್ರೌಢಶಾಲಾ ವಿದ್ಯಾರ್ಥಿಗಳ ಅಧ್ಯಯನ

ಗುಂಪಿನ ಕಲಾಶಿಕ್ಷಕರಿಗೆ ನಮಸ್ಕಾರ. ಅತಿವಾಸ್ತವ (ಹೈಪರ್‌ರಿಯಲಿಸ್ಟ್, ಅಂದರೆ ಜೀವಂತ ಮನುಷ್ಯರೇ ಎನ್ನಿಸುವಷ್ಟು ನೈಜವಾದ) ಶೈಲಿಯ ಶಿಲ್ಪಿ ರಾನ್ ಮ್ಯೂಯೆಕ್ ಅವರ ಬಗ್ಗೆ ನನ್ನ ಪ್ರೌಢಶಾಲಾ ವಿದ್ಯಾರ್ಥಿಗಳಿಂದ ಅಧ್ಯಯನ ಮಾಡಿಸುತ್ತಿದ್ದೇನೆ. ಮೊದಲ ಸುತ್ತಿನಲ್ಲಿ ಬಂದ ಬರಹಗಳೆಲ್ಲ ಒಂದೇ ಅಚ್ಚಿನಲ್ಲಿದ್ದವು: 1958ರಲ್ಲಿ ಮೆಲ್ಬರ್ನ್‌ನಲ್ಲಿ ಜನನ, ಆಟಿಕೆ ತಯಾರಿಸುತ್ತಿದ್ದ ತಂದೆತಾಯಿ, ಮಕ್ಕಳ ಟೆಲಿವಿಷನ್ ಕಾರ್ಯಕ್ರಮಗಳಿಗೆ ಬೊಂಬೆ ಮಾಡುವ ಕೆಲಸ, ಕೊನೆಗೆ ‘ಎಷ್ಟು ನೈಜವಾಗಿದೆ’ ಎಂಬ ಉದ್ಗಾರ. ಮಾಹಿತಿ ತಪ್ಪಲ್ಲ, ಆದರೆ ಕೃತಿಯನ್ನು ನೋಡಿದ ಗುರುತು ಅಲ್ಲಿಲ್ಲ.

ವಿದ್ಯಾರ್ಥಿಗಳ ಗಮನವನ್ನು ಅಳತೆಯ ಪ್ರಶ್ನೆಯತ್ತ ತಿರುಗಿಸಬೇಕೆಂಬುದು ನನ್ನ ಆಸೆ. 1997ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡ ‘ಡೆಡ್ ಡ್ಯಾಡ್’ ಕೃತಿಯಲ್ಲಿ ಮ್ಯೂಯೆಕ್ ತಮ್ಮ ಮೃತ ತಂದೆಯ ದೇಹವನ್ನು ನಿಜ ಅಳತೆಯ ಸುಮಾರು ಮೂರರಲ್ಲಿ ಎರಡು ಪಾಲಿಗೆ ಕುಗ್ಗಿಸಿದ್ದಾರೆ; 1999ರ ‘ಬಾಯ್’ ಕೃತಿಯಲ್ಲಿ ಕುಕ್ಕರಗಾಲಲ್ಲಿ ಕುಳಿತ ಹುಡುಗನೇ ಸುಮಾರು 5 ಮೀಟರ್ ಎತ್ತರವಿದ್ದಾನೆ. ಚರ್ಮದ ಸುಕ್ಕು, ರೋಮ, ಉಗುರು ಎಲ್ಲವನ್ನೂ ಅಷ್ಟು ನಿಷ್ಠೆಯಿಂದ ಮೂಡಿಸಿ, ಗಾತ್ರವನ್ನು ಮಾತ್ರ ಬೇಕೆಂದೇ ಬದಲಿಸಿದ್ದೇಕೆ? ಅಮೆರಿಕದ ಶಿಲ್ಪಿ ಡ್ವೇನ್ ಹ್ಯಾನ್ಸನ್ ಅವರ ಆಳೆತ್ತರದ ಮನುಷ್ಯಾಕೃತಿಗಳೊಂದಿಗೆ ಹೋಲಿಸಿದರೆ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ ಎಂಬುದು ನನ್ನ ಅನಿಸಿಕೆ.

ತೊಡಕು ಇರುವುದು ಇಲ್ಲಿಯೇ: ಪರದೆಯ ಮೇಲಿನ ಛಾಯಾಚಿತ್ರದಲ್ಲಿ ಎಲ್ಲ ಶಿಲ್ಪಗಳೂ ಒಂದೇ ಗಾತ್ರದಲ್ಲಿ ಕಾಣುತ್ತವೆ. ಕಲಾವಿದರು ಸಂದರ್ಶನ ನೀಡುವುದೂ ಅಪರೂಪವಾದ್ದರಿಂದ, ವಿದ್ಯಾರ್ಥಿಗಳು ವಸ್ತುಸಂಗ್ರಹಾಲಯದ ಟಿಪ್ಪಣಿಯನ್ನೂ ವಿಮರ್ಶಕರ ಅಭಿಪ್ರಾಯವನ್ನೂ ಮ್ಯೂಯೆಕ್ ಅವರ ಸ್ವಂತ ಮಾತೆಂದೇ ಬರೆದುಬಿಡುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಿಂದ ನಿಜ ಅಳತೆ ಗುರುತಿಸುವ ಚಟುವಟಿಕೆಯನ್ನು ಯೋಚಿಸಿದ್ದೇನೆ. ಯಾರಾದರೂ ಇಂಥದ್ದನ್ನು ಮಾಡಿಸಿದ್ದೀರಾ? ವಾಸ್ತವಾಂಶ, ಅನ್ಯರ ವ್ಯಾಖ್ಯಾನ, ಸ್ವಂತ ಅವಲೋಕನ ಇವುಗಳನ್ನು ಬೇರ್ಪಡಿಸಿ ಬರೆಯಲು ಮಕ್ಕಳಿಗೆ ಹೇಗೆ ಕಲಿಸುತ್ತೀರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.