ಬಯೋಸೆರಾಮಿಕ್ ಸೀಲರ್ ಇದ್ದರೆ ಸಿಂಗಲ್ ಕೋನ್ ಸಾಕೇ? ಸೋರಿಕೆಯ ಲೆಕ್ಕ ಎಷ್ಟು ನಂಬಬಹುದು?

ಬೇರುನಾಳ:
ಬೇರುನಾಳ ಚಿಕಿತ್ಸೆಯಲ್ಲಿ (ಆರ್‌ಸಿಟಿ) ಬೇರಿನೊಳಗಿನ ನಾಳವನ್ನು, ಅಂದರೆ ಕೆನಾಲನ್ನು, ಗುಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತುವಿನ ಕಡ್ಡಿಯಿಂದ (ಕೋನ್) ತುಂಬಿ, ಸುತ್ತಲ ಸಂದನ್ನು ಸೀಲರ್‌ನಿಂದ ಮುಚ್ಚುತ್ತೇವೆ. ಡೆಮೊ, ವೆಬಿನಾರ್ ಎಲ್ಲಿ ನೋಡಿದರೂ ಈಗ ಒಂದೇ ಮಾತು. ಕ್ಯಾಲ್ಸಿಯಂ ಸಿಲಿಕೇಟ್ ಸೀಲರ್, ಅಂದರೆ ನಾವು ಬಯೋಸೆರಾಮಿಕ್ ಅನ್ನುವುದು, ಕುಗ್ಗುವುದಿಲ್ಲ, ಡೆಂಟಿನ್‌ಗೆ (ಹಲ್ಲಿನ ಒಳಗೋಡೆಗೆ) ಬೆಸೆದುಕೊಳ್ಳುತ್ತದೆ, ಹಾಗಾಗಿ ಒಂದು ಕೋನ್ ಇಳಿಸಿದರೆ ಸೋರಿಕೆಯ ಚಿಂತೆಯಿಲ್ಲ ಎಂದು. ಸಾಕ್ಷಿಗೆ ತೋರಿಸುವುದು ಬಣ್ಣದ ಪರೀಕ್ಷೆಯ ಬಾರ್ ಚಾರ್ಟ್: ಎಪಾಕ್ಸಿ ರೆಸಿನ್ ಸೀಲರ್‌ನಲ್ಲಿ ಇಷ್ಟು ಮಿ.ಮೀ. ಸೋರಿತು, ನಮ್ಮದರಲ್ಲಿ ಅದರ ಅರ್ಧ. ಇದನ್ನು ನಂಬಿ ಲ್ಯಾಟರಲ್ ಕಂಡೆನ್ಸೇಷನ್, ಅಂದರೆ ಸ್ಪ್ರೆಡರ್ ಎಂಬ ಮೊನಚು ಉಪಕರಣದಿಂದ ಪಕ್ಕಕ್ಕೆ ಒತ್ತಿ ಹಲವು ಕೋನ್ ತುಂಬುವ ವಿಧಾನ, ಕೈಬಿಡಬಹುದೇ? ಎರಡೂ ಕಡೆಯವರು ಕಾರಣ ಸಮೇತ ಹೇಳಿ.

ಲ್ಯಾಬ್‌ಬೆಂಚ್:
ಆ ಚಾರ್ಟನ್ನು ಮೊದಲು ಪಕ್ಕಕ್ಕಿಡಿ. ಕಿತ್ತ ಹಲ್ಲಿನ ಕೆನಾಲ್ ತುಂಬಿ, ಬೇರಿನ ತುದಿಯೊಂದನ್ನು ಬಿಟ್ಟು ಹೊರಮೈಗೆಲ್ಲ ನೇಲ್ ಪಾಲಿಶ್ ಬಳಿದು, ಮಿಥಿಲೀನ್ ಬ್ಲೂನಲ್ಲಿ ಅದ್ದಿಟ್ಟು, ಆಮೇಲೆ ಉದ್ದಕ್ಕೆ ಸೀಳಿ ನೀಲಿ ಎಲ್ಲಿವರೆಗೆ ಏರಿದೆ ಎಂದು ಅಳೆಯುತ್ತಾರೆ. ಖಾಲಿ ಜಾಗದಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಬಣ್ಣ ಒಳಗೆ ಹೋಗುವುದೇ ಇಲ್ಲ. ಅದೇ ಹಲ್ಲನ್ನು ನಿರ್ವಾತದಲ್ಲಿ ಅದ್ದಿದರೆ ಸೋರುತ್ತದೆ. ಸೀಳಿದ ಗೆರೆ ಬಣ್ಣ ಹರಿದ ದಾರಿಯಲ್ಲೇ ಹಾಯುತ್ತದೆ ಎಂಬ ಖಾತ್ರಿಯೂ ಇಲ್ಲ.

ಈ ಚರ್ಚೆಗೆ ಮುಖ್ಯವಾದ ದೋಷ ಬೇರೆಯೇ ಇದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರೀಯ ವಸ್ತು ತಾಗಿದರೆ ಮಿಥಿಲೀನ್ ಬ್ಲೂ ಬಣ್ಣ ಕಳೆದುಕೊಳ್ಳುತ್ತದೆ. ಇದು 1998ರಲ್ಲೇ ಪ್ರಕಟವಾದ ವಿಷಯ. ಕ್ಯಾಲ್ಸಿಯಂ ಸಿಲಿಕೇಟ್ ಸೆಟ್ ಆಗುವಾಗ ಬಿಡುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ. ಅಂದರೆ ಬಣ್ಣ ಒಳಗೆ ಹೋಗಿದ್ದರೂ ಕಣ್ಣಿಗೆ ಕಾಣದೆ, "ಸೋರಿಲ್ಲ" ಎಂದು ಅಂಕ ಸಿಗುತ್ತದೆ. ಬಣ್ಣ ಬೇಡವೆಂದು, ಹಾಯ್ದುಹೋದ ಗ್ಲೂಕೋಸ್ ಅಳೆಯುವ ಮಾದರಿ ತಂದರು. ಎಂಟಿಎ, ಪೋರ್ಟ್‌ಲ್ಯಾಂಡ್ ಸಿಮೆಂಟ್ (ಇವೂ ಕ್ಯಾಲ್ಸಿಯಂ ಸಿಲಿಕೇಟ್ ಗುಂಪಿನವೇ) ಗ್ಲೂಕೋಸ್ ಜೊತೆಗೂ ಪ್ರತಿಕ್ರಿಯಿಸಿ ಅದರ ಪ್ರಮಾಣ ಇಳಿಸುತ್ತವೆ ಎಂದು 2008ರಲ್ಲಿ ಗೊತ್ತಾಯಿತು. ಎರಡೂ ಪರೀಕ್ಷೆಗಳ ತಕ್ಕಡಿ ಒಂದೇ ಗುಂಪಿನ ಕಡೆ ವಾಲಿದೆ. ಜರ್ನಲ್ ಆಫ್ ಎಂಡೊಡಾಂಟಿಕ್ಸ್‌ನ ಸಂಪಾದಕರು 2007ರಲ್ಲೇ, ಸೀಲರ್‌ಗಳ ಸೋರಿಕೆ ಹೋಲಿಸುವ ಇಂಥ ಲೇಖನ ಇನ್ನು ಸಾಕು ಎಂದು ತೀರ್ಮಾನಿಸಿದ್ದು ಸುಮ್ಮನೆ ಅಲ್ಲ.

ಧಾರವಾಡ_ಎಂಡೊ:
ಬಣ್ಣದ ಪರೀಕ್ಷೆ ಬ್ಯಾಡ, ಒಪ್ಪಿದೆ ಸರ್. ಆದ್ರ ಅದಕ್ಕ ಸೀಲರೇ ಸರಿ ಇಲ್ಲ ಅನ್ನೂದು ತಪ್ಪಾಗ್ತದ. ಬಯೋಸೆರಾಮಿಕ್ ಹಾಕಿ ಸಿಂಗಲ್ ಕೋನ್ ಮಾಡಿದ 307 ಪೇಶಂಟ್‌ಗಳ ಹಿನ್ನೋಟದ ಅಧ್ಯಯನ 2018ರಾಗ ಬಂತು, ಯಶಸ್ಸು 90.9%. ಗುಟ್ಟಾ ಪರ್ಚಾ ಬಿಸಿ ಮಾಡಿ ತುಂಬಿದ್ರ ಆರುವಾಗ ಕುಗ್ತದ, ಒತ್ತಡ ಹಿಡಿದೇ ಇರಬೇಕು. ಸ್ಪ್ರೆಡರ್ ಜೋರಾಗಿ ತಳ್ಳಿದ್ರ ತೆಳು ಬೇರು ಸೀಳಬಹುದು. ಇವೆರಡೂ ತೊಂದರೆ ಸಿಂಗಲ್ ಕೋನ್‌ನಾಗ ಇಲ್ರಿ.

ಕೆಡೂದು ಹಾಕೂ ರೀತಿಯೊಳಗ. ಇದಕ್ಕ ಸೆಟ್ ಆಗಾಕ ನೀರು ಬೇಕು. ಎಪಾಕ್ಸಿಗೆ ಒಣಗಿಸಿದಂಗ ಖಣಖಣ ಒಣಗಿಸಿದ್ರ ಅದು ದಿನಗಟ್ಟಲೆ ಮೆತ್ತಗ ಉಳೀತದ. 17% ಇಡಿಟಿಎ (ಗೋಡೆಯ ಕೊಳೆ ತೆಗೆಯೂ ದ್ರವ) ಒಂದು ನಿಮಿಷ, ಆಮೇಲೆ ಸಲೈನ್, ಆಮೇಲೆ ಪೇಪರ್ ಪಾಯಿಂಟ್ (ತೇವ ಹೀರೂ ಕಾಗದದ ಕಡ್ಡಿ). ಕಡೀ ಪಾಯಿಂಟಿನ ತುದಿ 1–2 ಮಿ.ಮೀ. ಅಷ್ಟೇ ತೇವ ಇದ್ರ ನಿಲ್ಲಸ್ರಿ. ಸಿರಿಂಜಿನ ತುದಿ ಮೇಲಿನ ಮೂರನೇ ಒಂದು ಭಾಗ ದಾಟಬಾರದು. ಸ್ವಲ್ಪ ಬಿಟ್ಟು, ಕೋನ್‌ಗೂ ಹಚ್ಚಿ, ನಿಧಾನಕ್ಕ ಮೇಲೆ ಕೆಳಗ ಆಡಿಸ್ಕೋತ ಇಳಿಸ್ರಿ. ರಪ್ ಅಂತ ತಳ್ಳಿದ್ರ ಸೀಲರ್ ಎಪೆಕ್ಸ್ (ಬೇರಿನ ತುದಿ) ದಾಟ್ತದ. ಕೆಳಗಿನ ದವಡೆಯ ಎರಡನೇ ಮೋಲಾರ್‌ನಾಗ ಅದು ನರದ ಕಾಲುವೆ ತನಕ ಹೋದ್ರ ತುಟಿ ಮರಗಟ್ಟಬಹುದು.

ಹಳೆಯ_ಸ್ಪ್ರೆಡರ್:
307ರ ಅಧ್ಯಯನದಲ್ಲಿ ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ ಡಾಕ್ಟ್ರೇ, ಅದನ್ನೂ ಹೇಳಬೇಕು. ಅಂಥದ್ದೇ ಅಂಕಿ ಎಪಾಕ್ಸಿಗೂ, ಚೆನ್ನಾಗಿ ಮಾಡಿದ ಜಿಂಕ್ ಆಕ್ಸೈಡ್ ಯೂಜೆನಾಲ್‌ಗೂ ಸಿಗುತ್ತದೆ.

ನನ್ನ ತಕರಾರು ಕೆನಾಲಿನ ಆಕಾರದ ಬಗ್ಗೆ. ಕೋನ್ ದುಂಡಗಿರುತ್ತದೆ, ಕೆನಾಲ್ ಬಹಳ ಕಡೆ ದುಂಡಗಿರುವುದಿಲ್ಲ. 30 ಸೈಜ್, 4% ಟೇಪರ್ ಕೋನ್ ತೆಗೆದುಕೊಳ್ಳಿ, ಅಂದರೆ ತುದಿಯ ವ್ಯಾಸ 0.30 ಮಿ.ಮೀ., ಮೇಲಕ್ಕೆ ಪ್ರತಿ ಮಿ.ಮೀ.ಗೆ 0.04 ಹೆಚ್ಚುತ್ತದೆ. ತುದಿಯಿಂದ 10 ಮಿ.ಮೀ. ಮೇಲೆ ಅದರ ವ್ಯಾಸ 0.70 ಮಿ.ಮೀ. ಅದೇ ಮಟ್ಟದಲ್ಲಿ ಕೆಳ ಮೋಲಾರಿನ ಡಿಸ್ಟಲ್ (ಹಿಂಬದಿಯ) ಕೆನಾಲ್ 0.7ಕ್ಕೆ 1.5 ಮಿ.ಮೀ. ಅಂಡಾಕಾರ ಇದೆ ಅಂದುಕೊಳ್ಳಿ. ಅಡ್ಡಕೊಯ್ತದ ಅಳತೆ ಸುಮಾರು 0.82 ಚದರ ಮಿ.ಮೀ., ಅದರಲ್ಲಿ ಕೋನ್ ತುಂಬುವುದು 0.38. ಅರ್ಧಕ್ಕಿಂತ ಹೆಚ್ಚು ಬರೀ ಸೀಲರ್! ಸೀಲರ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6876 ಸೀಲರಿನ ಪದರ 50 ಮೈಕ್ರಾನ್ ಮೀರಬಾರದು ಎನ್ನುತ್ತದೆ, ಇಲ್ಲಿ ಒಂದೊಂದು ಪಕ್ಕಕ್ಕೆ 400 ಮೈಕ್ರಾನ್ ಆಯಿತು. ದಪ್ಪ ಪದರದಲ್ಲಿ ಗುಳ್ಳೆ ಕೂರುತ್ತದೆ, ಕರಗುವುದಿದ್ದರೆ ಅಲ್ಲೇ ಕರಗುತ್ತದೆ.

ಧಾರವಾಡ_ಎಂಡೊ:
ಲೆಕ್ಕ ಸರಿ ಅದ. ಅಂಡಾಕಾರ ಇದ್ದಲ್ಲಿ ಒಂದೆರಡು ಆ್ಯಕ್ಸೆಸರಿ (ಸಣ್ಣ ಹೆಚ್ಚುವರಿ) ಕೋನ್ ಸ್ಪ್ರೆಡರ್ ಇಲ್ಲದನ ಪಕ್ಕಕ್ಕ ಇಳಿಸಬಹುದು, ಒಪ್ತೀನಿ. ಕರಗೂದರ ಬಗ್ಗೆ ಮಾತ್ರ ಸ್ವಲ್ಪ ತಡೀರಿ. 24 ತಾಸಿನಾಗ 3% ಮೀರಬಾರದು ಅನ್ನೂ ಐಎಸ್‌ಒ ಪರೀಕ್ಷೆ ಮಾಡೂದು ಶುದ್ಧ ನೀರಿನಾಗ. ಅಲ್ಲೆ ಕೆಲವು ಬಯೋಸೆರಾಮಿಕ್ ಫೇಲ್ ಆಗ್ತಾವ. ಫಾಸ್ಫೇಟ್ ಇರೂ ದ್ರವದಾಗ ಇಟ್ರ ಮೇಲ್ಮೈಯಾಗ ಕ್ಯಾಲ್ಸಿಯಂ ಫಾಸ್ಫೇಟ್ ಕೂತು ನಷ್ಟ ಕಡಿಮಿ ಆಗ್ತದ. ಬೇರಿನ ತುದಿಯಾಗ ಇರೂದು ಮೈಯೊಳಗಿನ ದ್ರವ, ಡಿಸ್ಟಿಲ್ಡ್ ವಾಟರ್ ಅಲ್ಲ.

ಹಳೆಯ_ಸ್ಪ್ರೆಡರ್:
"ಬೆಸೆದುಕೊಳ್ಳುತ್ತದೆ" ಎಂಬ ಮಾತಿಗೆ ಹಿಂದೊಮ್ಮೆ ಮೋಸಹೋಗಿದ್ದೇವೆ. 2004ರ ಹೊತ್ತಿಗೆ ಗುಟ್ಟಾ ಪರ್ಚಾ ಬದಲಿಗೆ ರೆಸಿಲಾನ್ ಎಂಬ ಕೋನ್, ಅದರದೇ ಸೀಲರ್ ಜೊತೆ ಬಂತು. ಕೋನ್, ಸೀಲರ್, ಡೆಂಟಿನ್ ಮೂರೂ ಸೇರಿ ಒಂದೇ ತುಂಡು ಎಂದರು. ಅದರ ಮೆಥಾಕ್ರಿಲೇಟ್ ಸೀಲರ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಉದ್ದ ಕೊಳವೆಯಂಥ ಕೆನಾಲಿನಲ್ಲಿ ಬಂಧವಿಲ್ಲದ ಮೇಲ್ಮೈ ಹೆಚ್ಚುಕಮ್ಮಿ ಇಲ್ಲದ್ದರಿಂದ ಆ ಎಳೆತ ಗೋಡೆಯಿಂದಲೇ ಕಿತ್ತುಕೊಂಡು ಬರುತ್ತದೆ. ಮೇಲಾಗಿ ಕೋನ್ ಪಾಲಿಕ್ಯಾಪ್ರೊಲ್ಯಾಕ್ಟೋನ್, ಕಿಣ್ವಗಳಿಗೆ ಕರಗುವ ವಸ್ತು. ಆರಂಭದ ಸೋರಿಕೆ ಪರೀಕ್ಷೆಗಳಲ್ಲಿ ಗುಟ್ಟಾ ಪರ್ಚಾವನ್ನು ಸೋಲಿಸಿದ ಅದೇ ವಸ್ತು ವರ್ಷಗಳ ಫಾಲೋ-ಅಪ್‌ನಲ್ಲಿ ಅದಕ್ಕಿಂತ ಹೆಚ್ಚು ಸೋತಿತು.

ಪ್ರಾಸ್ಥೊ_ಶಿವಮೊಗ್ಗ:
ಎಲ್ಲರೂ ಬೇರಿನ ತುದಿಯನ್ನೇ ನೋಡ್ತಿದ್ದೀರಿ. ಸೋರಿಕೆ ಮೇಲಿನಿಂದ ಶುರುವಾಗುತ್ತೆ. ಸೀಲ್ ಮಾಡದೆ ಬಿಟ್ಟ ಹಲ್ಲನ್ನ ಕೃತಕ ಉಗುಳಿನಲ್ಲಿ ಮೂರೇ ದಿನ ಇಟ್ಟಾಗ ಬೇರಿನ ಉದ್ದದ 79ರಿಂದ 85% ವರೆಗೆ ಬಣ್ಣ ಇಳಿದಿದ್ದನ್ನ 1987ರಲ್ಲಿ ತೋರಿಸಿದ್ರು. 1995ರ ರೇ ಮತ್ತು ಟ್ರೋಪ್ ಅಧ್ಯಯನದಲ್ಲಿ 1010 ಹಲ್ಲುಗಳ ಎಕ್ಸ್‌ರೇ ನೋಡಿದ್ರು: ಕೆನಾಲ್ ಚೆನ್ನಾಗಿದ್ದು ಮೇಲಿನ ಫಿಲ್ಲಿಂಗ್ ಕೆಟ್ಟಿದ್ದಲ್ಲಿ 44% ಹಲ್ಲು ಮಾತ್ರ ರೋಗವಿಲ್ಲದೆ ಇದ್ವು, ಕೆನಾಲ್ ಕೆಟ್ಟಿದ್ದು ಮೇಲೆ ಚೆನ್ನಾಗಿದ್ದಲ್ಲಿ 68%. ಆರ್‌ಸಿಟಿ ಆಗಿ ನೋವು ಹೋದ ಮೇಲೆ ಕ್ಯಾಪ್ ಆಮೇಲೆ ನೋಡೋಣ ಅಂತ ಪೇಶಂಟ್ ಹೋಗಿಬಿಡ್ತಾರೆ. ಅಂಥವರ ಹಲ್ಲಿಗೆ ಸೀಲರ್ ಯಾವ ಕಂಪನಿಯದು ಅನ್ನೋದು ಎಷ್ಟು ಮುಖ್ಯ ಹೇಳಿ?

ಲ್ಯಾಬ್‌ಬೆಂಚ್:
ಮೇಡಂ, 1987ರದ್ದೂ ಬಣ್ಣದ ಪರೀಕ್ಷೆಯೇ, ನಾನು ಹೇಳಿದ ದೋಷ ಅದಕ್ಕೂ ಅನ್ವಯ. ರೇ ಮತ್ತು ಟ್ರೋಪ್ ಅವರ ಫಲಿತಾಂಶವನ್ನು 2000ದಲ್ಲಿ ನಾರ್ವೆಯ ಟ್ರಾನ್‌ಸ್ಟಾಡ್ ತಂಡ 1001 ಹಲ್ಲುಗಳಲ್ಲಿ ಮತ್ತೆ ನೋಡಿತು. ಅಲ್ಲಿ ತಿರುವುಮುರುವು: ಕೆನಾಲ್ ಚೆನ್ನಾಗಿದ್ದು ಮೇಲೆ ಕೆಟ್ಟಿದ್ದರೂ 71%, ಕೆನಾಲ್ ಕೆಟ್ಟಿದ್ದರೆ ಮೇಲೆ ಹೇಗಿದ್ದರೂ 56–57%. ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಾಯಿಗೆ ತೆರೆದುಕೊಂಡಿದ್ದ ಬೇರುಗಳನ್ನು ರಿಕುಚ್ಚಿ ಮತ್ತು ಬರ್ಗೆನ್‌ಹೋಲ್ಟ್ಸ್ 2003ರಲ್ಲಿ ಸೂಕ್ಷ್ಮದರ್ಶಕದಡಿ ನೋಡಿದಾಗ, ಚೆನ್ನಾಗಿ ತುಂಬಿದ್ದ ಹೆಚ್ಚಿನವುಗಳಲ್ಲಿ ಬ್ಯಾಕ್ಟೀರಿಯಾ ಕೆಳಗೆ ತಲುಪಿರಲಿಲ್ಲ. ಬಾಟಲಿಯಲ್ಲಿ ಸೋರಿದಷ್ಟು ಬಾಯಲ್ಲಿ ಸೋರುವುದಿಲ್ಲ. ಹಾಗೆಂದು ಕೆನಾಲನ್ನು ತೆರೆದು ಬಿಡಿ ಎಂದು ನಾನು ಹೇಳುತ್ತಿಲ್ಲ.

ಪ್ರಾಸ್ಥೊ_ಶಿವಮೊಗ್ಗ:
ಸರಿ ಸರ್, ಎರಡೂ ಅಧ್ಯಯನದಲ್ಲಿ ಅತಿ ಒಳ್ಳೆ ಫಲಿತಾಂಶ ಎರಡೂ ಚೆನ್ನಾಗಿದ್ದಲ್ಲೇ ಬಂದಿದೆ, ಅಷ್ಟನ್ನಾದರೂ ಒಪ್ಪಿ. ಮಾಡೋ ಕ್ರಮ ಬರೀತೀನಿ. ಗುಟ್ಟಾ ಪರ್ಚಾವನ್ನ ಕೆನಾಲಿನ ಬಾಯಿಗಿಂತ 2 ಮಿ.ಮೀ. ಕೆಳಗೆ ಬಿಸಿ ಪ್ಲಗರ್‌ನಲ್ಲಿ ಕತ್ತರಿಸಿ. ಚೇಂಬರ್ (ಹಲ್ಲಿನ ಒಳಕೋಣೆ) ಗೋಡೆಗೆ ಮೆತ್ತಿದ ಸೀಲರನ್ನ ಆಲ್ಕೋಹಾಲ್ ಹತ್ತಿಯಿಂದ ಒರೆಸಿ. ಯೂಜೆನಾಲ್ ಉಳಿದ್ರೆ ಕಾಂಪೋಸಿಟ್ ಸರಿಯಾಗಿ ಗಟ್ಟಿಯಾಗಲ್ಲ. ಆ 2 ಮಿ.ಮೀ. ಜಾಗಕ್ಕೆ ಫ್ಲೋಯಬಲ್ ಕಾಂಪೋಸಿಟ್ ಅಥವಾ ಗ್ಲಾಸ್ ಅಯೊನೊಮರ್, ರಬ್ಬರ್ ಡ್ಯಾಮ್ (ಹಲ್ಲಿಗೆ ಉಗುಳು ತಾಗದಂತೆ ತಡೆಯೋ ಹಾಳೆ) ತೆಗೆಯೋಕೆ ಮುಂಚೆನೇ. ತಾತ್ಕಾಲಿಕ ಫಿಲ್ಲಿಂಗ್ ಮಾತ್ರ ಅಂದ್ರೆ ಕನಿಷ್ಠ 3.5 ಮಿ.ಮೀ. ದಪ್ಪ ಬೇಕು. ಅಡಿಯಲ್ಲಿ ದೊಡ್ಡ ಹತ್ತಿ ಉಂಡೆ ಇಟ್ರೆ ಅಷ್ಟು ಜಾಗವೇ ಉಳಿಯಲ್ಲ. ಪೋಸ್ಟ್ (ಬೇರಿನೊಳಗಿನ ಆಧಾರದ ಕಡ್ಡಿ) ಹಾಕೋರು ಕೆಳಗೆ 4–5 ಮಿ.ಮೀ. ಗುಟ್ಟಾ ಪರ್ಚಾ ಬಿಡಲೇಬೇಕು.

ಬೇರುನಾಳ:
ಅಂದರೆ ಸೀಲರ್ ಬದಲಾಯಿಸುವುದಕ್ಕಿಂತ ಇರುವುದನ್ನು ಸರಿಯಾಗಿ ಬಳಸುವುದು ಮೇಲು ಅನ್ನಿಸುತ್ತಿದೆ. ಎಪಾಕ್ಸಿ, ಜಿಂಕ್ ಆಕ್ಸೈಡ್ ಬಳಸುವವರು ಎಲ್ಲಿ ತಪ್ಪುತ್ತಾರೆ?

ಹಳೆಯ_ಸ್ಪ್ರೆಡರ್:
ಎಪಾಕ್ಸಿಯ ಎರಡೂ ಪೇಸ್ಟ್ ಸಮ ಉದ್ದ ಹಿಂಡಬೇಕು. ಕಣ್ಣಳತೆಯಲ್ಲಿ ಹೆಚ್ಚುಕಮ್ಮಿಯಾದರೆ ಸರಿಯಾಗಿ ಸೆಟ್ ಆಗುವುದಿಲ್ಲ. ಟ್ಯೂಬ್‌ಗಳ ಮುಚ್ಚಳ ಅದಲು ಬದಲಾಗಬಾರದು. ಸೆಟ್ ಆಗಲು 37 ಡಿಗ್ರಿಯಲ್ಲಿ ಸುಮಾರು 8 ಗಂಟೆ ಬೇಕು, ಅದೇ ದಿನ ಪೋಸ್ಟಿಗೆ ಕೊರೆದರೆ ಹಸಿ ಸೀಲರ್ ಕದಲುತ್ತದೆ. ಹೈಪೋ (ಕೆನಾಲ್ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್) ಕಡೆಯ ದ್ರವವಾಗಿ ಉಳಿದರೆ ಅದರ ಆಮ್ಲಜನಕ ರೆಸಿನ್ ಬಂಧವನ್ನು ಕೆಡಿಸುತ್ತದೆ. ಹೈಪೋ ಮೇಲೆ ನೇರವಾಗಿ ಕ್ಲೋರ್‌ಹೆಕ್ಸಿಡಿನ್ ಬಿಟ್ಟರೆ ಕಂದು ಗಸಿ ಕೂತು ಡೆಂಟಿನ್ ನಳಿಕೆಗಳು ಮುಚ್ಚುತ್ತವೆ, ನಡುವೆ ಸಲೈನ್ ಹಾಯಿಸಿ. ಜಿಂಕ್ ಆಕ್ಸೈಡ್‌ಗೆ ಪುಡಿಯನ್ನು ಸ್ವಲ್ಪ ಸ್ವಲ್ಪ ಸೇರಿಸಿ ಅರೆಯಿರಿ. ಸ್ಪ್ಯಾಚುಲಾ ಎತ್ತಿದರೆ ಎರಡೂವರೆ ಸೆಂ.ಮೀ. ಎಳೆ ಕಡಿಯದೆ ಬರಬೇಕು. ಕೆನಾಲಿನಲ್ಲಿ ಹಿಂದಿನ ಸಲದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಉಳಿದಿದ್ದರೆ ಅದು ಯೂಜೆನಾಲ್ ಜೊತೆ ಸೇರಿ ಸೀಲರನ್ನು ಬೇಗ, ಪುಡಿಪುಡಿಯಾಗಿ ಗಟ್ಟಿ ಮಾಡುತ್ತದೆ. ಬರೀ ಸಿರಿಂಜಿನಿಂದ ಅದು ಹೋಗುವುದಿಲ್ಲ, ಇಡಿಟಿಎ ಬಿಟ್ಟು ಅಲ್ಟ್ರಾಸೋನಿಕ್ ಆಡಿಸಿ.

ಧಾರವಾಡ_ಎಂಡೊ:
ಬಯೋಸೆರಾಮಿಕ್ ಬಳಸೂರಿಗೆ ಒಂದು ಎಚ್ಚರಿಕೆ ನಾನೂ ಸೇರಸ್ತೀನಿ. ಅದನ್ನ ಕರಗಿಸೂ ದ್ರಾವಕ ಇಲ್ಲ, ಕ್ಲೋರೋಫಾರ್ಮ್‌ಗೆ ಗುಟ್ಟಾ ಪರ್ಚಾ ಅಷ್ಟ ಕರಗತದ. ಕೋನ್ 2 ಮಿ.ಮೀ. ಮ್ಯಾಲೆ ನಿಂತು ಕೆಳಗ ಬರೀ ಸೀಲರ್ ಗಟ್ಟಿಯಾಗಿದ್ರ, ಮುಂದ ರೀ-ಆರ್‌ಸಿಟಿ ಮಾಡೂರಿಗೆ ತುದಿ ತನಕ ಫೈಲ್ ಹೋಗೂದೇ ಕಷ್ಟ. ಸೀಲರ್ ತುಂಬೂಕಿಂತ ಮೊದಲ ಕೋನ್ ಇಟ್ಟು ಎಕ್ಸ್‌ರೇ ತಗೀರಿ, ವರ್ಕಿಂಗ್ ಲೆಂತ್ (ತುಂಬಬೇಕಾದ ಉದ್ದ) ಪೂರ್ತಿ ಮುಟ್ಟಿ, ಎಳೆದಾಗ ಸಣ್ಣ ಹಿಡಿತ ಸಿಗಬೇಕು. ಸಿಗಲಿಲ್ಲ ಅಂದ್ರ ಕೋನ್ ಬದಲಾಯಿಸ್ರಿ, ಸೀಲರ್ ಜಾಸ್ತಿ ಹಾಕಬ್ಯಾಡ್ರಿ.