ಕ್ವಾಂಟಮ್ ಫಾರ್ವರ್ಡ್ ಮೇಲೆ ಬ್ಯಾಚ್ ಗ್ರೂಪಲ್ಲಿ ಚರ್ಚೆ

ರಮೇಶ: (ಫಾರ್ವರ್ಡ್) ಐಐಟಿ ದೆಹಲಿ, ಡಿಆರ್‌ಡಿಒ ಕ್ವಾಂಟಮ್ ಸಂವಹನ ಸಾಧನೆ! ಇನ್ಮೇಲೆ ನಮ್ಮ ಸೈನ್ಯದ ಮೆಸೇಜ್ ಬೆಳಕಿಗಿಂತ ಸ್ಪೀಡಾಗಿ ಹೋಗತ್ತೆ, ಯಾರೂ ಹ್ಯಾಕ್ ಮಾಡಕ್ಕಾಗಲ್ಲ!! ಎಲ್ರಿಗೂ ಕಳ್ಸಿ 🇮🇳

ಶೈಲಾ: ಸಾಧನೆ ನಿಜ ಕಣೋ, ಜೂನ್ 2025ರಲ್ಲಿ ಕ್ಯಾಂಪಸ್ ಒಳಗೇ 1 ಕಿಮೀಗಿಂತ ಜಾಸ್ತಿ ದೂರ, ಕೇಬಲ್ ಇಲ್ದೆ ಗಾಳೀಲೇ ಎಂಟ್ಯಾಂಗಲ್ಡ್ ಫೋಟಾನ್ (ಒಂದಕ್ಕೊಂದು ಹೆಣ್ಕೊಂಡಿರೋ ಬೆಳಕಿನ ಕಣದ ಜೋಡಿ) ಕಳ್ಸಿ, ಮೆಸೇಜ್ ಲಾಕ್ ಮಾಡೋ ಗುಟ್ಟಿನ ಕೀ ಮಾಡಿದ್ರು. ಆದ್ರೆ ಬೆಳಕಿಗಿಂತ ಸ್ಪೀಡು ಅನ್ನೋದು ಶುದ್ಧ ಸುಳ್ಳು

ರಮೇಶ: ಎಂಟ್ಯಾಂಗಲ್ಡ್ ಫೋಟಾನ್ ಅಂದ್ರೆ ಇಲ್ಲಿ ಮುಟ್ಟಿದ್ರೆ ಅಲ್ಲಿ ತಕ್ಷಣ ಗೊತ್ತಾಗತ್ತಲ್ವಾ?

ಶೈಲಾ: ಇಲ್ವೋ. ಜೋಡೀಲಿ ಒಂದು ಫೋಟಾನ್ ನಿಂಗೆ ಒಂದು ನಂಗೆ ಬರತ್ತೆ, ಅದು ಯಾವ ದಿಕ್ಕಲ್ಲಿ ಕಂಪಿಸತ್ತೆ ಅಂತ ಇಬ್ರೂ ಅಳೀತೀವಿ, ಸೊನ್ನೆ ಬರತ್ತಾ ಒಂದು ಬರತ್ತಾ ಅನ್ನೋದು ನಮ್ಮ ಕೈಲಿಲ್ಲ, ಹಂಗಾಗಿ ಅದ್ರಲ್ಲಿ ಮೆಸೇಜ್ ತುಂಬಕ್ಕೇ ಆಗಲ್ಲ. ಆಮೇಲೆ ಮಾಮೂಲಿ ನೆಟ್ಟಲ್ಲೇ ಯಾವ ಫೋಟಾನ್ ಯಾವ ಕೋನದಲ್ಲಿ ಅಳೆದ್ವಿ ಅಂತ ಹೇಳ್ಕೊಂಡು, ಕೋನ ಹೊಂದಿದ್ದನ್ನ ಮಾತ್ರ ಇಟ್ಕೋತೀವಿ, ಅಲ್ಲಿ ಇಬ್ರ ಉತ್ತರಾನೂ ತಾಳೆ ಆಗತ್ತೆ. ಅದೇ ಕೀ. ಆ ಕೀಯಿಂದ ಲಾಕ್ ಮಾಡಿದ ಮೆಸೇಜ್ ಹೋಗೋದು ಹಳೇ ದಾರೀಲೇ

ಮಂಜು: ಹಂಗಾದ್ರೆ ಇಷ್ಟೆಲ್ಲಾ ಯಾಕೆ? ವಾಟ್ಸಾಪಲ್ಲೂ ಎನ್‌ಕ್ರಿಪ್ಷನ್ ಇದ್ಯಲ್ಲ

ಶೈಲಾ: ಅದು ಗಣಿತ ಬಿಡಿಸೋದು ಕಷ್ಟ ಅನ್ನೋ ನಂಬಿಕೆ ಮೇಲೆ ನಿಂತಿದೆ ಮಂಜು. ಇಲ್ಲಿ ಮಧ್ಯ ಯಾರಾದ್ರೂ ಕದ್ದು ಅಳೆದ್ರೆ ಜೋಡಿ ಕೆಡತ್ತೆ, ನಮ್ಮಿಬ್ರ ಬಿಟ್ (ಆ ಸೊನ್ನೆ-ಒಂದು) ತಾಳೆ ಆಗಲ್ಲ. ದೆಹಲೀಲಿ ಹಿಂಗೆ ತಾಳೆ ಆಗದ ಎರರ್ 7%ಗಿಂತ ಕಮ್ಮಿ ಇತ್ತು, ಸುಮಾರು 11% ದಾಟಿದ್ರೆ ಆ ಕೀನ ಬಿಸಾಕ್ಬೇಕು

ರಮೇಶ: ನೋಡು, ಹ್ಯಾಕ್ ಆಗಲ್ಲ ಅನ್ನೋದು ಸರಿನೇ ಆಯ್ತು!

ಅರುಣ: ಇಲ್ಲ ಗುರು, 2010ರಲ್ಲೇ ನಾರ್ವೆ ಕಡೆ ವಿಜ್ಞಾನಿಗಳು ಮಾರ್ಕೆಟ್ಟಲ್ಲಿದ್ದ ಕ್ಯೂಕೆಡಿ (ಕ್ವಾಂಟಮ್ ಕೀ ಹಂಚೋ) ಮಷೀನ್‌ನ ಫೋಟಾನ್ ಹಿಡಿಯೋ ಡಿಟೆಕ್ಟರಿಗೆ ಜೋರು ಬೆಳಕು ಬಿಟ್ಟು ಕುರುಡು ಮಾಡಿ, ಇಡೀ ಕೀ ಕದಿಯಬಹುದು ಅಂತ ತೋರ್ಸಿದ್ರು. ಥಿಯರಿ ಗಟ್ಟಿ, ಮಷೀನ್ ಅಷ್ಟು ಗಟ್ಟಿ ಇರಲ್ಲ

ಮಂಜು: ಚೀನಾದವ್ರು ಸ್ಯಾಟಲೈಟಿಂದ ಯಾವಾಗ್ಲೋ ಮಾಡಿದಾರೆ, ನಾವು 1 ಕಿಮೀಗೆ ಕುಣೀತಿದೀವಿ

ಅರುಣ: ಮೀಷಿಯಸ್ ಸ್ಯಾಟಲೈಟಲ್ಲಿ 1,120 ಕಿಮೀ ದೂರಕ್ಕೆ ಮಾಡಿದ್ದು 2020ರಲ್ಲಿ ಪ್ರಕಟ ಆಯ್ತು, ದೊಡ್ಡ ಕೆಲ್ಸನೇ. ಆದ್ರೆ ಸೆಕೆಂಡಿಗೆ 0.12 ಬಿಟ್, ಒಂದು 256 ಬಿಟ್ ಕೀಗೆ ಅರ್ಧ ಗಂಟೆ ಮೇಲೆ. ದೆಹಲೀಲಿ ಸೆಕೆಂಡಿಗೆ ಸುಮಾರು 240 ಬಿಟ್, ಅದೇ ಕೀಗೆ ಒಂದು ಸೆಕೆಂಡ್ ಚಿಲ್ಲರೆ ಸಾಕು. ದೂರ ಜಾಸ್ತಿ ಆದಷ್ಟೂ ಫೋಟಾನ್ ಕಳೆದೋಗತ್ತೆ, ಎರಡನ್ನೂ ಒಂದೇ ತಕ್ಕಡೀಲಿ ತೂಗ್ಬೇಡ

ಶೈಲಾ: ನಮ್ಮ ಬೆಂಗ್ಳೂರಿನ ರಾಮನ್ ಇನ್‌ಸ್ಟಿಟ್ಯೂಟಲ್ಲಿ 2021ರಲ್ಲಿ ಎರಡು ಬಿಲ್ಡಿಂಗ್ ಮಧ್ಯ 50 ಮೀಟರ್ ಮಾಡಿದ್ರು, ಇಸ್ರೋ ಜೊತೆ ಸೇರಿ. ಅಲ್ಲಿಂದ ಇಲ್ಲಿಗೆ ಬಂದಿದೀವಿ, ನಂಗಂತೂ ತುಂಬ ಹೆಮ್ಮೆ ಇದೆ

ರಮೇಶ: ಸರಿ, ಬೆಳಕಿನ ಲೈನ್ ತೆಗೀತೀನಿ. ಹ್ಯಾಕ್ ಲೈನ್ ಇರ್ಲಿ

ಶೈಲಾ: ಅದನ್ನೂ ತೆಗಿ. "ಥಿಯರಿ ಪ್ರಕಾರ ಕದ್ದು ಕೇಳಿದ್ರೆ ಗೊತ್ತಾಗತ್ತೆ" ಅಂತ ಹಾಕು